ಸಾಲದ ವರ್ಷಗಳ ದಿನಚರಿ: ಲಾವಣಿ ಸಂಗ್ರಾಹಕ ವಾಲ್ಟರ್ ಸ್ಕಾಟ್

ಜಾನಪದ ವಿದ್ಯಾರ್ಥಿಗಳಿಗೆ ಸರ್ ವಾಲ್ಟರ್ ಸ್ಕಾಟ್ (1771-1832) ಪರಿಚಿತನಾಗುವುದು 'ಮಿನ್‌ಸ್ಟ್ರೆಲ್ಸಿ ಆಫ್ ದಿ ಸ್ಕಾಟಿಷ್ ಬಾರ್ಡರ್' ಎಂಬ ಲಾವಣಿ ಸಂಕಲನದ ಮೂಲಕ. ಸಾಹಿತ್ಯದ ವಿದ್ಯಾರ್ಥಿಗಳಿಗೆ 'ವೇವರ್ಲಿ', 'ಐವಾನ್‌ಹೋ' ಮೊದಲಾದ ಐತಿಹಾಸಿಕ ಕಾದಂಬರಿಗಳ ಮೂಲಕ. ಈ ಎರಡೂ ವರ್ಗದ ಓದುಗರು ಅಷ್ಟಾಗಿ ಕೈಗೆತ್ತಿಕೊಳ್ಳದ ಅವನ ಮತ್ತೊಂದು ಬರಹವಿದೆ. 1825ರ ನವೆಂಬರ್ 20ರಂದು ಆರಂಭವಾಗಿ 1832ರ ಏಪ್ರಿಲ್‌ವರೆಗೆ, ನಡುನಡುವೆ ಬಿಡುವುಗೊಂಡು ಸಾಗಿಬಂದ ದಿನಚರಿ ಅದು. ಲೇಖಕನೊಬ್ಬನ ದೈನಂದಿನ ದುಡಿಮೆ ಹಾಗೂ ಅವನ ಸಾಹಿತ್ಯಸ್ನೇಹಗಳ ದಾಖಲೆಯಾಗಿ ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದವು ಕೆಲವೇ. ಆದರೆ ಪ್ರಸ್ತುತ ಲೇಖನದ ಆಸಕ್ತಿ ಅಷ್ಟಕ್ಕೇ ಸೀಮಿತವಲ್ಲ. ಮೌಖಿಕ ಪರಂಪರೆಯನ್ನು ಬರಹಕ್ಕಿಳಿಸುವ ಕಾಯಕದಲ್ಲಿ ತೊಡಗಿರುವವರು ಈ ದಿನಚರಿಯನ್ನು ತಮ್ಮದೇ ಕಾರಣಕ್ಕಾಗಿ ಓದಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ.

ದಿನಚರಿಯ ಮೊದಲ ಮಾತೇ ಪಶ್ಚಾತ್ತಾಪದ್ದು. ಇಷ್ಟು ವರ್ಷ ಕ್ರಮವಾಗಿ ದಿನಚರಿ ಬರೆದಿಡಲಿಲ್ಲವಲ್ಲ, ಅದರಿಂದ ನೆನಪಿನಲ್ಲಿ ಉಳಿಯಬೇಕಾಗಿದ್ದ ಎಷ್ಟೋ ಸಂಗತಿಗಳನ್ನು ಕಳೆದುಕೊಂಡೆನಲ್ಲ ಎಂದು ಸ್ಕಾಟ್ ಹಳಹಳಿಸುತ್ತಾನೆ. ಆಗ ಅವನಿಗೆ ಐವತ್ತನಾಲ್ಕು ವರ್ಷ. ಆ ಶರತ್ಕಾಲದಲ್ಲಿ ಐರಿಷ್ ಕವಿ ಥಾಮಸ್ ಮೂರ್ ಅತಿಥಿಯಾಗಿ ಆಬಟ್ಸ್‌ಫರ್ಡ್‌ಗೆ ಬಂದು ಹೋಗಿದ್ದ. ಹಿಂದಿನ ವರ್ಷ ಗ್ರೀಸಿನಲ್ಲಿ ತೀರಿಕೊಂಡಿದ್ದ ಬೈರನ್ ಬರೆದಿಟ್ಟ ಟಿಪ್ಪಣಿಗಳನ್ನು ಕಂಡದ್ದೇ ಸ್ಕಾಟ್‌ನಿಗೆ ಪ್ರೇರಣೆಯಾಯಿತು. ಬೀಗವಿರುವ ಒಂದು ಸೊಗಸಾದ ಪುಸ್ತಕವನ್ನು ತರಿಸಿಕೊಂಡು ಬರೆಯತೊಡಗಿದ. ದೊಡ್ಡ ಮಗಳು ಸೋಫಿಯಾ 'ಜರ್ನಲ್' ಎಂಬ ಪದವನ್ನು 'ಗರ್ನಲ್' ಎಂದು ತಪ್ಪಾಗಿ ಬರೆಯುತ್ತಿದ್ದಳಂತೆ. ಅದೇ ಕಾಗುಣಿತವನ್ನು ಅಪ್ಪ ತನ್ನ ಪುಸ್ತಕದ ತಲೆಯ ಮೇಲೆ ಬರೆದುಕೊಂಡ.

ಈ ಪಶ್ಚಾತ್ತಾಪದ ಹಿಂದೆ ಜಾನಪದ ಅಧ್ಯಯನಕ್ಕೆ ಸಂಬಂಧಿಸಿದ ದೊಡ್ಡ ನಷ್ಟವೊಂದು ಅಡಗಿದೆ. 1792ರಿಂದ ಮೊದಲ್ಗೊಂಡು ಸತತ ಏಳು ವರ್ಷ ಸ್ಕಾಟ್ ಗೆಳೆಯ ರಾಬರ್ಟ್ ಶಾರ್ಟ್‌ರೀಡ್‌ನೊಂದಿಗೆ ಲಿಡ್ಸ್‌ಡೇಲ್ ಕಣಿವೆಯಲ್ಲಿ ಅಲೆದಾಡಿದ್ದ. ಗಾಡಿಯ ರಸ್ತೆಯೇ ಇಲ್ಲದ ಸೀಮೆ ಅದು. ರೈತರ ಮನೆಗಳಲ್ಲಿ, ಕುರುಬರ ಗುಡಿಸಲುಗಳಲ್ಲಿ ಉಳಿದುಕೊಂಡು ಹಳೆಯ ಹಾಡುಗಳನ್ನು ಕೇಳಿಸಿಕೊಂಡ. ಆ ದುಡಿಮೆಯ ಫಲವೇ 1802ರಲ್ಲಿ ಎರಡು ಸಂಪುಟಗಳಾಗಿ, 1803ರಲ್ಲಿ ಮೂರನೆಯ ಸಂಪುಟವಾಗಿ ಹೊರಬಂದ ಮಿನ್‌ಸ್ಟ್ರೆಲ್ಸಿ. ಆದರೆ ಯಾವ ಮನೆಯಲ್ಲಿ, ಯಾವ ಇರುಳು, ಯಾರು ಯಾವ ಹಾಡನ್ನು ಹೇಗೆ ಹೇಳಿದರು, ಯಾವ ಸಾಲನ್ನು ಮರೆತು ಮತ್ತೆ ನೆನಪು ಮಾಡಿಕೊಂಡರು ಎಂಬುದರ ದಿನದಿನದ ದಾಖಲೆ ನಮಗಿಲ್ಲ. ಅದೇ 1825ರ ಮೇ ತಿಂಗಳಲ್ಲಿ ಸ್ಕಾಟ್ ಕಿರಿಯ ಸಂಗ್ರಾಹಕ ವಿಲಿಯಂ ಮದರ್‌ವೆಲ್‌ನಿಗೆ ಬರೆದ ಪತ್ರವೊಂದರಲ್ಲಿ, ಬೇರೆ ಬೇರೆ ಕಡೆಗಳಿಂದ ಬಂದ ಪಾಠಗಳನ್ನು ಬೆರೆಸಿ ಒಂದು ಉತ್ತಮ ಪಾಠವನ್ನು ಕಟ್ಟಲು ಹೊರಟದ್ದು ತನ್ನ ತಪ್ಪೆಂದು ಒಪ್ಪಿಕೊಂಡಿದ್ದಾನೆ. ಮೇ ತಿಂಗಳಲ್ಲಿ ಈ ತಪ್ಪೊಪ್ಪಿಗೆ, ನವೆಂಬರಿನಲ್ಲಿ ದಿನಚರಿ ಇಡಲಿಲ್ಲವೆಂಬ ಹಳಹಳಿಕೆ. ಸ್ಕಾಟ್ ಇವೆರಡನ್ನೂ ಒಂದಕ್ಕೊಂದು ಜೋಡಿಸಿ ಹೇಳಿಲ್ಲ. ಆದರೂ ಕ್ಷೇತ್ರಕಾರ್ಯ ಮಾಡಿದವರಿಗೆ ಇವು ಒಂದೇ ನಷ್ಟದ ಎರಡು ಮುಖಗಳಾಗಿ ಕಾಣುವುದು ಸಹಜ. ಪಾಠಗಳನ್ನು ಬೆರೆಸಿದ ಮೇಲೂ ದಿನಚರಿಯೊಂದು ಇದ್ದಿದ್ದರೆ ಅವುಗಳನ್ನು ಬಿಡಿಸಿ ನೋಡಲು ಸಾಧ್ಯವಾಗುತ್ತಿತ್ತು.

ಇಲ್ಲಿ ಸ್ವಂತ ಅನುಭವವೊಂದನ್ನು ಹೇಳುವುದು ಅನುಚಿತವಾಗಲಾರದು. ಪಿಎಚ್.ಡಿ. ಪದವಿಯ ಕ್ಷೇತ್ರಕಾರ್ಯದ ದಿನಗಳಲ್ಲಿ ನಾನು ಧ್ವನಿಮುದ್ರಿಸಿಕೊಂಡ ಸೋಬಾನೆ ಹಾಡುಗಳ ಕ್ಯಾಸೆಟ್ಟುಗಳ ಮೇಲೆ ಹಾಡಿನ ಹೆಸರನ್ನು ಅಚ್ಚುಕಟ್ಟಾಗಿ ಬರೆದಿದ್ದೆ. ಹಾಡಿದವರ ಹೆಸರುಗಳು ಬೇರೊಂದು ಹಾಳೆಯಲ್ಲಿದ್ದವು. ಆ ಹಾಳೆ ಮನೆ ಬದಲಾಯಿಸುವಾಗ ಎಲ್ಲಿಯೋ ಹೋಯಿತು. ಹಲವು ವರ್ಷಗಳ ಬಳಿಕ ಆ ಊರಿನ ಒಬ್ಬ ಹೆಣ್ಣುಮಗಳು ಬಂದು, "ನಮ್ಮವ್ವ ಹಾಡಿದ್ದು ನಿಮ್ಮ ಹತ್ರ ಐತಂತಲ್ಲ, ಒಂದು ಸಲ ಕೇಳಿಸ್ತೀರಾ?" ಎಂದು ಕೇಳಿದಾಗ ಹನ್ನೊಂದು ಕ್ಯಾಸೆಟ್ಟುಗಳನ್ನು ಮುಂದಿಟ್ಟುಕೊಂಡು ಕುಳಿತೆ. ಎರಡು ದನಿಗಳ ನಡುವೆ ಆಕೆಯೂ ತಡವರಿಸಿದಳು. ಒಂದು ದಿನಚರಿಯಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಸ್ಕಾಟ್‌ನ ಮೊದಲ ಪುಟವನ್ನು ನಾನು ಓದಿದ್ದು ಇದಾದ ಮೇಲೆ.

ದಿನಚರಿ ಆರಂಭವಾಗಿ ಎರಡು ತಿಂಗಳು ತುಂಬುವ ಮೊದಲೇ ಸ್ಕಾಟ್‌ನ ಬದುಕು ಬುಡಮೇಲಾಯಿತು. ಹೊರಗಿನವರಿಗೆ ಅವನು ಸೆಲ್ಕರ್ಕ್‌ಷೈರಿನ ಷೆರಿಫ್, ಎಡಿನ್‌ಬರೋದ ಸೆಷನ್ ನ್ಯಾಯಾಲಯದ ಗುಮಾಸ್ತ ಹುದ್ದೆಯ ಗೌರವಸ್ಥ. ಆದರೆ ಗೆಳೆಯ ಜೇಮ್ಸ್ ಬ್ಯಾಲಂಟೈನ್‌ನ ಮುದ್ರಣಾಲಯದಲ್ಲಿ ಅವನು 1805ರಿಂದ ಗುಪ್ತ ಪಾಲುದಾರನಾಗಿದ್ದ. ಮುದ್ರಣಾಲಯ, ಪ್ರಕಾಶಕ ಕಾನ್‌ಸ್ಟೇಬಲ್, ಲಂಡನ್ನಿನ ಹರ್ಸ್ಟ್ ರಾಬಿನ್‌ಸನ್ ಸಂಸ್ಥೆ ಈ ಮೂರೂ ಒಂದರ ಹುಂಡಿಗೆ ಮತ್ತೊಂದು ಜಾಮೀನಾಗಿ ನಿಂತಿದ್ದವು. 1825ರ ಕೊನೆಯಲ್ಲಿ ಲಂಡನ್ನಿನ ಹಣಕಾಸಿನ ಪೇಟೆ ಕುಸಿದಾಗ ಮೊದಲು ಲಂಡನ್ನಿನ ಸಂಸ್ಥೆ, ಅದರ ಬೆನ್ನಿಗೆ ಉಳಿದೆರಡು ಬಿದ್ದವು. 1826ರ ಜನವರಿಯ ನಡುಭಾಗದಲ್ಲಿ ಸ್ಕಾಟ್‌ನ ತಲೆಯ ಮೇಲಿದ್ದ ಹೊಣೆ ಸುಮಾರು 1,20,000 ಪೌಂಡುಗಳು. ದಿವಾಳಿ ಘೋಷಿಸಿಕೊಂಡು ಕೈ ತೊಳೆದುಕೊಳ್ಳುವ ದಾರಿ ಅವನಿಗಿತ್ತು. ಅದನ್ನೊಲ್ಲದೆ, ತನ್ನ ಮುಂದಿನ ಬರವಣಿಗೆಯ ಸಂಪಾದನೆಯನ್ನೆಲ್ಲ ಸಾಲಗಾರರ ಪರವಾದ ಒಂದು ವಿಶ್ವಸ್ತ ಮಂಡಳಿಗೆ ಒಪ್ಪಿಸಿ, ತನ್ನ ಬಲಗೈಯ ದುಡಿಮೆಯಿಂದಲೇ ಋಣ ತೀರಿಸುವೆನೆಂದು ಪಟ್ಟು ಹಿಡಿದ. ಎಡಿನ್‌ಬರೋದ ಕ್ಯಾಸಲ್ ಸ್ಟ್ರೀಟಿನ 39ನೆಯ ಸಂಖ್ಯೆಯ ಮನೆಯನ್ನು ಮಾರ್ಚ್ 15ರಂದು ಬಿಟ್ಟು ಹೊರಟ.

ಇಲ್ಲಿಂದ ಮುಂದೆ ದಿನಚರಿ ನಿಜವಾದ ಅರ್ಥದಲ್ಲಿ ದುಡಿಮೆಯ ಲೆಕ್ಕಪುಸ್ತಕವಾಗುತ್ತದೆ. ಇಂದು ಇಷ್ಟು ಹಾಳೆ ಬರೆದೆ, ಇಂದು ನ್ಯಾಯಾಲಯದಲ್ಲಿ ಹೊತ್ತು ಹೋಯಿತು, ಇಂದು ಕರಡು ತಿದ್ದಿದೆ, ಇಂದು ಮೈಗಳ್ಳನಾದೆ ಎಂಬ ಬಗೆಯ ನಮೂದುಗಳು. ಒಂದು ದಿನಕ್ಕೆ ಇಷ್ಟೆಂದು ಗೊತ್ತುಪಡಿಸಿಕೊಂಡ ಹಾಳೆಗಳನ್ನು ಅವನು ತನ್ನ 'ಪಾಲಿನ ಕೆಲಸ' ಎಂಬರ್ಥದ ಮಾತಿನಿಂದ ಕರೆಯುತ್ತಾನೆ. ಹೊಲದ ಆಳು ತನ್ನ ಪಟ್ಟೆಯನ್ನು ಮುಗಿಸಿ ಏಳುವ ಹಾಗೆ. ದುರಂತದ ಸುದ್ದಿ ಬಂದಾಗ 'ವುಡ್‌ಸ್ಟಾಕ್' ಕಾದಂಬರಿ ಅರ್ಧದಲ್ಲಿತ್ತು. ಕೆಲವೇ ದಿನಗಳಲ್ಲಿ ಮತ್ತೆ ಅದಕ್ಕೆ ಕೈಹಾಕಿದ. ಅದು ಸಾಲಗಾರರಿಗೆ 8,000 ಪೌಂಡುಗಳಿಗೂ ಮಿಕ್ಕಿ ತಂದುಕೊಟ್ಟಿತು. 1827ರಲ್ಲಿ ಒಂಬತ್ತು ಸಂಪುಟಗಳಾಗಿ ಹೊರಬಂದ ನೆಪೋಲಿಯನ್ ಚರಿತ್ರೆಯಿಂದ 18,000 ಪೌಂಡು ಬಂತು. ಚಳಿಗೆ ಬಿರಿದ ಬೆರಳುಗಳು, ಕೀಲುನೋವು, ಮಂದವಾಗುತ್ತಿದ್ದ ಕಣ್ಣು, 1830ರ ಫೆಬ್ರವರಿಯ ಪಾರ್ಶ್ವವಾಯು ಇವೆಲ್ಲವೂ ಹಾಳೆಗಳ ಲೆಕ್ಕದ ಪಕ್ಕದಲ್ಲಿಯೇ ದಾಖಲಾಗಿವೆ. ಪ್ರತಿಭೆಯ ಸ್ಫೂರ್ತಿ, ಆವೇಶ ಮುಂತಾದ ಮಾತುಗಳು ಇಲ್ಲಿ ವಿರಳ. ಬರವಣಿಗೆಯೆಂದರೆ ಕೂಲಿ ಎಂಬ ಭಾವ ಅವನಿಗೆ ಅವಮಾನಕರವೆನಿಸಿರಲಿಲ್ಲ.

ಇದೇ ಪುಟಗಳಲ್ಲಿ ಎರಡು ಪ್ರಸಂಗಗಳು ಜಾನಪದದ ಓದುಗನನ್ನು ತಡೆದು ನಿಲ್ಲಿಸುತ್ತವೆ. ಸ್ಕಾಟ್‌ನ ಹೆಣ್ಣುಮಕ್ಕಳಿಗೆ ಹಾರ್ಪ್ ವಾದ್ಯ ಕಲಿಸುತ್ತಿದ್ದ ಪೋಲ್ ಎಂಬ ಬಡ ಸಂಗೀತಗಾರನೊಬ್ಬ ಸುದ್ದಿ ತಿಳಿದೊಡನೆ ತನ್ನಲ್ಲಿದ್ದ ಐದಾರು ನೂರು ಪೌಂಡುಗಳನ್ನು ಕೊಡಲು ಮುಂದಾದ. ಪ್ರಾಯಶಃ ಅವನ ಜೀವಮಾನದ ಉಳಿತಾಯವೇ ಅದಿರಬೇಕೆಂದು ಸ್ಕಾಟ್ ಬರೆಯುತ್ತಾನೆ. ಅದನ್ನು ಅವನು ಸ್ವೀಕರಿಸಲಿಲ್ಲ. ಮುಪ್ಪಿನ ಹಾರ್ಪ್‌ಗಾಯಕನೊಬ್ಬ ಅರಮನೆಯ ಬಾಗಿಲಿಗೆ ಬಂದು ಹಾಡುವ ಕಥನಕಾವ್ಯದಿಂದ 1805ರಲ್ಲಿ ಹೆಸರು ಗಳಿಸಿದ್ದವನ ಬಾಗಿಲಿಗೆ ಇಪ್ಪತ್ತೊಂದು ವರ್ಷಗಳ ಮೇಲೆ ನಿಜವಾದ ಹಾರ್ಪ್‌ವಾದಕನೊಬ್ಬ ದಾನಿಯಾಗಿ ಬಂದು ನಿಂತದ್ದು ಕಥೆಗಿಂತ ಸೋಜಿಗದ್ದು.

ಎರಡನೆಯದು 1825ರ ಡಿಸೆಂಬರ್ 22ರ ನಮೂದು. ನಾಲ್ಕು ದಿನಗಳ ಹಿಂದಷ್ಟೇ ಆಬಟ್ಸ್‌ಫರ್ಡ್ ಕೈತಪ್ಪಬಹುದೆಂಬ ಭಯದಲ್ಲಿ, ತಾನು ಬಾರದಿದ್ದರೆ ನಾಯಿಗಳು ಎಲ್ಲೆಡೆ ಹುಡುಕಾಡುವುವಲ್ಲ ಎಂದು ಸಂಕಟಪಟ್ಟುಕೊಂಡಿದ್ದ. ಆ ಸಂಕಟದ ನಡುವೆಯೇ 'ಬಾನಿ ಡಂಡೀ' ಎಂಬ ಹಳೆಯ ಧಾಟಿಯೊಂದು ತಲೆಯಲ್ಲಿ ಸುತ್ತುತ್ತಿದ್ದುದರಿಂದ ಊಟಕ್ಕೆ ಮುಂಚೆ ಅದಕ್ಕೆ ಕೆಲವು ಪದ್ಯಗಳನ್ನು ಕಟ್ಟಿದೆನೆಂದು ಬರೆಯುತ್ತಾನೆ. ಸ್ಕಾಟ್ ಸಂಗೀತದ ಕಿವಿಯಿಲ್ಲದವನೆಂದು ತಾನೇ ಹೇಳಿಕೊಂಡವನು. ಮಿನ್‌ಸ್ಟ್ರೆಲ್ಸಿಯ ಮೊದಲ ಆವೃತ್ತಿಗಳು ಧಾಟಿಗಳನ್ನು ಬಿಟ್ಟು ಬರೀ ಪದಗಳನ್ನು ಮುದ್ರಿಸಿದವು. ಅಂಥವನಲ್ಲಿಯೂ ಧಾಟಿ ಮೊದಲು ಬಂದು ಪದ ಅದರ ಹಿಂದೆ ಬಂದಿದೆ. ಇಂದು ಆ ಹಾಡನ್ನು ಹಾಡುವ ಅನೇಕರಿಗೆ ಅದು ಸ್ಕಾಟ್ ಕಟ್ಟಿದ್ದೆಂಬುದೇ ತಿಳಿಯದು. ಹಾಡು ಜನಪದವಾಗುವ ಕ್ರಿಯೆಯ ಜನ್ಮದಿನಾಂಕ ಹೀಗೆ ಖಚಿತವಾಗಿ ದೊರೆಯುವುದು ಅಪರೂಪ. ಅದು ದೊರೆತದ್ದು ದಿನಚರಿಯ ದೆಸೆಯಿಂದ.

1826ರ ಮೇ ತಿಂಗಳಲ್ಲಿ ಹೆಂಡತಿ ಷಾರ್ಲಟ್ ಕಾಯಿಲೆಯಿಂದ ಮಲಗಿದ್ದಾಗಲೂ ನ್ಯಾಯಾಲಯದ ಕೆಲಸಕ್ಕಾಗಿ ಅವನು ಎಡಿನ್‌ಬರೋಗೆ ಹೋಗಬೇಕಾಯಿತು. 15ರಂದು ಆಕೆ ತೀರಿಕೊಂಡಳು. ಆ ವಾರದ ಪುಟಗಳನ್ನು ಇಲ್ಲಿ ಸಂಗ್ರಹಿಸಿ ಹೇಳುವುದು ನನಗೆ ಸರಿಕಾಣದು. ತಿಂಗಳು ಮುಗಿಯುವುದರೊಳಗೆ ಹಾಳೆಗಳ ಲೆಕ್ಕ ಮತ್ತೆ ಕಾಣಿಸಿಕೊಳ್ಳುತ್ತದೆಂಬುದನ್ನು ಮಾತ್ರ ಗಮನಿಸಬಹುದು.

ಸಾಹಿತ್ಯಸ್ನೇಹಗಳ ವಿಚಾರಕ್ಕೆ ಬಂದರೆ, ದಿನಚರಿಯಲ್ಲಿ ಸ್ಕಾಟ್ ತನ್ನ ಸಮಕಾಲೀನರನ್ನು ತೂಗುವ ರೀತಿ ಉದಾರವಾದದ್ದು. 1825ರ ನವೆಂಬರ್ 22ರ ನಮೂದು ಮೂರ್‌ನ ಕುರಿತದ್ದು. ಇಬ್ಬರ ರಾಜಕೀಯ ಬೇರೆ, ಪಾಂಡಿತ್ಯದ ಬಗೆ ಬೇರೆ. ಆದರೂ ಸಾಹಿತಿಯ ಬಿಂಕವಿಲ್ಲದಿರುವುದರಲ್ಲಿ ಇಬ್ಬರೂ ಒಂದೇ ಎಂಬುದು ಅವನಿಗೆ ಸಂತೋಷ ಕೊಟ್ಟ ಸಂಗತಿ. 1826ರ ಮಾರ್ಚ್ 14ರಂದು, ಅಂದರೆ ಎಡಿನ್‌ಬರೋದ ಮನೆಯನ್ನು ಬಿಡುವ ಹಿಂದಿನ ದಿನ, ಜೇನ್ ಆಸ್ಟಿನ್ನಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯನ್ನು ಕಡೆಯಪಕ್ಷ ಮೂರನೆಯ ಬಾರಿಗೆ ಓದಿದ್ದನ್ನು ದಾಖಲಿಸುತ್ತಾನೆ. ಅಬ್ಬರದ ಬರವಣಿಗೆ ತನಗೂ ಸಾಧ್ಯ, ಆದರೆ ಸಾಮಾನ್ಯ ಬದುಕನ್ನು ಸ್ವಾರಸ್ಯವಾಗಿಸುವ ಆಕೆಯ ಸೂಕ್ಷ್ಮತೆ ತನಗೆ ದಕ್ಕಿಲ್ಲವೆಂಬುದು ಅವನ ತೀರ್ಮಾನ. ಆಸ್ಟಿನ್ ತೀರಿಕೊಂಡು ಆಗ ಸುಮಾರು ಒಂಬತ್ತು ವರ್ಷವಾಗಿತ್ತು; ಅವಳ ಕೀರ್ತಿ ಇನ್ನೂ ಇಂದಿನಷ್ಟು ಹಬ್ಬಿರಲಿಲ್ಲ. ಮನೆಯ ಸಾಮಾನು ಕಟ್ಟುತ್ತಿರುವ ಹೊತ್ತಿನಲ್ಲಿ ಯುರೋಪಿನ ಅತ್ಯಂತ ಪ್ರಸಿದ್ಧ ಕಾದಂಬರಿಕಾರ ಹೀಗೆ ಬರೆದುಕೊಂಡದ್ದು ಅವನ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಅದೇ ವರ್ಷದ ಕೊನೆಯಲ್ಲಿ ನೆಪೋಲಿಯನ್ ಚರಿತ್ರೆಯ ಸಾಮಗ್ರಿಗಾಗಿ ಪ್ಯಾರಿಸ್ಸಿಗೆ ಹೋದಾಗ ಅಮೆರಿಕದ ಫೆನಿಮೋರ್ ಕೂಪರ್‌ನ ಭೇಟಿಯಾಯಿತು. 1827ರ ಆರಂಭದಲ್ಲಿ ಗಯಟೆಯಿಂದ ಪತ್ರ ಬಂತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ತಕರಾರು ಉಳಿಯುತ್ತದೆ. ಪ್ರಸಿದ್ಧರಿಗೆ ಸಲ್ಲುವಷ್ಟು ಪುಟಗಳು ಹಾಡುಗಳನ್ನು ಕೊಟ್ಟವರಿಗೆ ಸಂದಿಲ್ಲ. ಎಟ್ರಿಕ್ ಕಣಿವೆಯ ಕುರಿಗಾಹಿ ಕವಿ ಜೇಮ್ಸ್ ಹಾಗ್‌ನ ತಾಯಿ ಮಾರ್ಗರೆಟ್ ಲೇಡ್ಲಾ ಮಿನ್‌ಸ್ಟ್ರೆಲ್ಸಿಗೆ ಹಾಡುಗಳನ್ನು ಒದಗಿಸಿದವಳು. ಈ ಹಾಡುಗಳು ಹಾಡುವುದಕ್ಕೆ ಇದ್ದವು, ಓದುವುದಕ್ಕಲ್ಲ. ಅಚ್ಚು ಮಾಡಿ ನೀವು ಅವನ್ನು ಕೆಡಿಸಿದಿರಿ ಎಂದು ಆಕೆ ಸ್ಕಾಟ್‌ನ ಮುಖಕ್ಕೇ ಹೇಳಿದಳೆಂದು ಮಗ ಹಾಗ್ ಮುಂದೆ ಬರೆದಿದ್ದಾನೆ. ಜಾನಪದ ಸಂಗ್ರಹದ ಚರಿತ್ರೆಯಲ್ಲಿ ಈ ಮಾತಿಗಿಂತ ಗಂಭೀರವಾದ ಟೀಕೆ ನನಗೆ ತಿಳಿದಿಲ್ಲ. ಇದು ನಮ್ಮವರೆಗೆ ಬಂದದ್ದು ಸಂಗ್ರಾಹಕನ ಲೇಖನಿಯಿಂದಲ್ಲ, ವಕ್ತೃವಿನ ಮಗನ ಲೇಖನಿಯಿಂದ ಎಂಬುದನ್ನು ಮರೆಯಬಾರದು. ನಮ್ಮಲ್ಲಿಯೂ ಇದೇ ಪರಿಸ್ಥಿತಿ. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರ ಗೆಳೆತನದಿಂದ 'ಗರತಿಯ ಹಾಡು' (1931) ಮೊದಲಾದ ಸಂಕಲನಗಳು ಬಂದವು. ಸಾಹಿತ್ಯಸ್ನೇಹವೇ ಜಾನಪದ ಸಂಗ್ರಹದ ತಾಯಿಬೇರಾದುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಉತ್ತಮ ನಿದರ್ಶನವಿಲ್ಲ. ಗೆಳೆಯರ ಹೆಸರುಗಳು ನಮಗೆ ಬಾಯಿಪಾಠ. ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ಗರತಿಯರು ಮಾತ್ರ ಬಹುಮಟ್ಟಿಗೆ ಅನಾಮಿಕರಾಗಿಯೇ ಉಳಿದರು.

ಸ್ಕಾಟ್‌ನ ಗೆಳೆಯರಲ್ಲಿ ಒಬ್ಬನ ಹೆಜ್ಜೆಗಳು ನೇರವಾಗಿ ನಮ್ಮ ನಾಡಿಗೆ ಬರುತ್ತವೆ. ಡೆನ್‌ಹೋಮ್ ಎಂಬ ಹಳ್ಳಿಯ ಜಾನ್ ಲೇಡನ್ (1775-1811) ಮಿನ್‌ಸ್ಟ್ರೆಲ್ಸಿಯ ಕೆಲಸದಲ್ಲಿ ಸ್ಕಾಟ್‌ನ ಬಲಗೈಯಾಗಿದ್ದವನು. ಅರ್ಧ ಮಾತ್ರ ಸಿಕ್ಕಿದ್ದ ಲಾವಣಿಯೊಂದರ ಉಳಿದ ಭಾಗವನ್ನು ಬಲ್ಲ ವೃದ್ಧರೊಬ್ಬರಿದ್ದಾರೆಂದು ತಿಳಿದು ನಲವತ್ತು ಐವತ್ತು ಮೈಲಿ ನಡೆದುಹೋಗಿ, ಅಷ್ಟೇ ದೂರ ನಡೆದು ಹಿಂತಿರುಗಿ, ಸ್ಕಾಟ್‌ನ ಕೋಣೆಗೆ ಅದನ್ನು ದೊಡ್ಡ ದನಿಯಲ್ಲಿ ಹಾಡುತ್ತಲೇ ನುಗ್ಗಿದನೆಂಬ ಪ್ರಸಂಗವನ್ನು ಸ್ಕಾಟ್ ಅವನ ಸ್ಮರಣೆಯಲ್ಲಿ ಬರೆದಿದ್ದಾನೆ. 1803ರಲ್ಲಿ ವೈದ್ಯನಾಗಿ ಮದರಾಸಿಗೆ ಬಂದ ಲೇಡನ್, ಮೈಸೂರು ಸೀಮೆಯ ಸರ್ವೇಕ್ಷಣೆಗೆ ವೈದ್ಯ ಹಾಗೂ ನಿಸರ್ಗವಿಜ್ಞಾನಿಯಾಗಿ ನೇಮಕಗೊಂಡ. ಆ ಸರ್ವೇಕ್ಷಣೆಯ ಮುಖ್ಯಸ್ಥ ಕಾಲಿನ್ ಮೆಕೆಂಜಿ. ಕೈಫಿಯತ್ತುಗಳನ್ನೂ ಶಾಸನಗಳನ್ನೂ ಕೂಡಿಸಿದ, ದೇವಚಂದ್ರನ 'ರಾಜಾವಳಿ ಕಥೆ'ಗೆ ಪ್ರೇರಣೆ ಕೊಟ್ಟ ಅದೇ ಮೆಕೆಂಜಿ. ಇಲ್ಲಿನ ಹವೆ ಲೇಡನ್‌ನಿಗೆ ಒಗ್ಗಲಿಲ್ಲ. ಕಾಯಿಲೆ ಬಿದ್ದು ಶ್ರೀರಂಗಪಟ್ಟಣದಲ್ಲಿ ಉಳಿದಾಗ, ಸ್ಕಾಟ್ಲೆಂಡಿನ ಗಡಿಸೀಮೆಯವನೇ ಆದ ಮೈಸೂರಿನ ರೆಸಿಡೆಂಟ್ ಜಾನ್ ಮ್ಯಾಲ್ಕಂ ಆಸರೆ ನೀಡಿದ. ಮುಂದೆ ಕಲ್ಕತ್ತೆಗೆ, ಅಲ್ಲಿಂದ ಜಾವಾಕ್ಕೆ ಹೋದ ಲೇಡನ್ 1811ರಲ್ಲಿ ಅಲ್ಲಿಯೇ ಜ್ವರದಿಂದ ತೀರಿಕೊಂಡ. ಹಾಡಿನ ಬಾಲವನ್ನು ಹಿಡಿಯಲು ಐವತ್ತು ಮೈಲಿ ನಡೆದವನು ಕಾವೇರಿಯ ದಂಡೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಾಗ ಯಾವ ರಾಗಿ ಬೀಸುವ ಹಾಡು ಅವನ ಕಿವಿಗೆ ಬಿದ್ದಿತೋ ಎಂದು ನಾನು ಹಲವು ಸಲ ಯೋಚಿಸಿದ್ದುಂಟು.

ಸ್ಕಾಟ್ ಸ್ವತಃ ಭಾರತವನ್ನು ಕಂಡವನಲ್ಲ. ಆದರೂ 1827ರಲ್ಲಿ, ಸಾಲದ ದುಡಿಮೆಯ ನಡುವೆ, ಹೈದರಾಲಿಯ ಕಾಲದ ಮೈಸೂರನ್ನು ಹಿನ್ನೆಲೆಯಾಗಿಟ್ಟುಕೊಂಡು 'ದಿ ಸರ್ಜನ್ಸ್ ಡಾಟರ್' ಎಂಬ ಕಿರುಕಾದಂಬರಿಯನ್ನು ಬರೆದ. ಅದು 'ಕ್ರಾನಿಕಲ್ಸ್ ಆಫ್ ದಿ ಕ್ಯಾನನ್‌ಗೇಟ್' ಮಾಲೆಯಲ್ಲಿ ಸೇರಿತು. ಬೆಂಗಳೂರಿನಲ್ಲಿ ಫಕೀರನ ವೇಷವನ್ನು ಕಳಚಿ ಹೈದರ್ ಪ್ರತ್ಯಕ್ಷನಾಗುವುದು, ದ್ರೋಹಿಯು ಆನೆಯ ಕಾಲಿಗೆ ಸಿಕ್ಕಿ ಸಾಯುವುದು ಇದರ ಕೊನೆಯ ಸನ್ನಿವೇಶ. ಭಾರತದಲ್ಲಿ ಸೈನ್ಯಸೇವೆ ಮಾಡಿ ಬಂದಿದ್ದ ನೆರೆಯ ಗೆಳೆಯ ಕರ್ನಲ್ ಜೇಮ್ಸ್ ಫರ್ಗುಸನ್ ಸ್ಥಳೀಯ ವಿವರಗಳನ್ನು ಒದಗಿಸಿದ. ಕೃತಿಯ ಮೈಸೂರು ನಮಗೆ ಗುರುತೇ ಸಿಗದಷ್ಟು ಕೃತಕವಾಗಿದೆ. ಪಾತ್ರಗಳ ಹೆಸರುಗಳಿಂದ ಹಿಡಿದು ಬೀದಿಯವರೆಗೆ ಯಾವುದೂ ಈ ನೆಲದ್ದಲ್ಲ. ಲಿಡ್ಸ್‌ಡೇಲಿನ ಒಬ್ಬೊಬ್ಬ ರೈತನ ಮಾತಿನ ಧಾಟಿಯನ್ನೂ ಬಲ್ಲವನು ಇಲ್ಲಿ ಸೋತಿದ್ದಾನೆ. ಕಂಡು ಕೇಳಿ ಬರೆಯುವುದಕ್ಕೂ ಗೆಳೆಯನ ಟಿಪ್ಪಣಿಯನ್ನು ನಂಬಿ ಬರೆಯುವುದಕ್ಕೂ ಇರುವ ಅಂತರ ಇದು. ಹಾಳೆಗಳ ಲೆಕ್ಕ ತುಂಬಲೇಬೇಕಾಗಿದ್ದ ಅವಸರವೂ ಇದರಲ್ಲಿ ಸೇರಿದೆ ಎಂಬುದು ದಿನಚರಿಯನ್ನು ಜೊತೆಗಿಟ್ಟುಕೊಂಡು ಓದಿದವರಿಗೆ ತಿಳಿಯುತ್ತದೆ.

ದಿನಚರಿಯನ್ನು ಪೂರ್ಣ ಆತ್ಮನಿವೇದನೆಯೆಂದು ತಿಳಿಯಬೇಕಾಗಿಲ್ಲ. ಆಬಟ್ಸ್‌ಫರ್ಡ್‌ನ ಸುತ್ತ ಮಿತಿಮೀರಿ ಭೂಮಿ ಕೊಂಡದ್ದು, ಇನ್ನೂ ಬರೆಯದ ಪುಸ್ತಕಗಳ ಮೇಲೆ ಹಣ ಎತ್ತಿದ್ದು ಇವು ಆ ಪತನಕ್ಕೆ ಎಷ್ಟರಮಟ್ಟಿಗೆ ಕಾರಣವೆಂಬುದರ ಬಗೆಗೆ ಅವನು ತನ್ನನ್ನು ತಾನು ಕಟುವಾಗಿ ಪ್ರಶ್ನಿಸಿಕೊಳ್ಳುವುದಿಲ್ಲ. ಅವನ ಕುಸಿತದಿಂದ ನೆಲೆ ತಪ್ಪಿದವರೂ ಇದ್ದರು. ಲಾವಣಿಗಳನ್ನು ಹುಡುಕಿಕೊಟ್ಟು, ಮುಂದೆ ಆಬಟ್ಸ್‌ಫರ್ಡ್‌ನ ಪಾರುಪತ್ಯಗಾರನಾದ ವಿಲಿಯಂ ಲೇಡ್ಲಾ ಆಗ ಜಾಗ ಬಿಡಬೇಕಾಯಿತು, 1830ರಲ್ಲಷ್ಟೇ ಹಿಂತಿರುಗಿದ. ಒಂದು ಕಾಲಕ್ಕೆ ಕಳ್ಳಬೇಟೆಯ ಆರೋಪಿಯಾಗಿ ಷೆರಿಫ್ ಸ್ಕಾಟ್‌ನ ಎದುರು ನಿಂತಿದ್ದು, ಅನಂತರ ಅವನ ನೆಚ್ಚಿನ ಒಡನಾಡಿಯಾದ ಟಾಮ್ ಪರ್ಡಿ 1829ರಲ್ಲಿ ತೀರಿಕೊಂಡ. ಗಿಡ ನೆಡುವ, ಕಾಡು ತಿರುಗುವ ಪುಟಗಳಲ್ಲಿ ಟಾಮ್‌ನ ಹೆಸರು ಬಂದಾಗಲೆಲ್ಲ ಸ್ಕಾಟ್‌ನ ಬರವಣಿಗೆ ಹಗುರಾಗುತ್ತದೆ.

1830ರ ಡಿಸೆಂಬರಿನಲ್ಲಿ ಸಾಲಗಾರರೇ ಮೆಚ್ಚಿ ಅವನ ಗ್ರಂಥಾಲಯವನ್ನೂ ಮನೆಯ ಸಾಮಾನುಗಳನ್ನೂ ಅವನಿಗೆ ಮರಳಿಸಿದರು. ಬದುಕಿದ್ದಾಗಲೇ ಸಾಲದ ಅರ್ಧಕ್ಕಿಂತ ಹೆಚ್ಚನ್ನು ತೀರಿಸಿದ್ದ. ಉಳಿದದ್ದು ಅವನ ಮರಣಾನಂತರ ವಿಮೆಯ ಹಣದಿಂದಲೂ ಕೃತಿಗಳ ಹಕ್ಕಿನಿಂದಲೂ ಸಂದಾಯವಾಯಿತು. ಅಳಿಯ ಲಾಕ್‌ಹಾರ್ಟ್ 1837-38ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ದಿನಚರಿಯ ಭಾಗಗಳನ್ನು ಬಳಸಿಕೊಂಡ. 1890ರಲ್ಲಿ ಅದು ಪ್ರತ್ಯೇಕ ಪುಸ್ತಕವಾಯಿತು. ಡಬ್ಲ್ಯು. ಇ. ಕೆ. ಆಂಡರ್‌ಸನ್ ಸಂಪಾದಿಸಿದ 1972ರ ಆಕ್ಸ್‌ಫರ್ಡ್ ಆವೃತ್ತಿ ವಿದ್ವಾಂಸರು ಅವಲಂಬಿಸುವ ಪಾಠ. ಮೂಲ ಹಸ್ತಪ್ರತಿ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ.

1831ರ ಶರತ್ಕಾಲದಲ್ಲಿ ವರ್ಡ್ಸ್‌ವರ್ತ್ ಬಂದು ಹಳೆಯ ಗೆಳೆಯನನ್ನು ಬೀಳ್ಕೊಟ್ಟ. ಆರೋಗ್ಯ ಸುಧಾರಣೆಗಾಗಿ ಸ್ಕಾಟ್ ನೌಕಾಪಡೆಯ ಹಡಗಿನಲ್ಲಿ ಮಾಲ್ಟಾಕ್ಕೂ, ಅಲ್ಲಿಂದ ನೇಪಲ್ಸಿಗೂ ಹೋದ. ಕೈಬರಹ ಒಡೆದಿತ್ತು, ಪದಗಳು ತಪ್ಪುತ್ತಿದ್ದವು. ಆದರೂ ಕಂಡದ್ದನ್ನು ಬರೆಯುವುದನ್ನು ಬಿಡಲಿಲ್ಲ. 1832ರ ಏಪ್ರಿಲ್‌ನಲ್ಲಿ, ರೋಮಿಗೆ ಬಂದು ತಲುಪಿದ ಹೊತ್ತಿನ ನಮೂದು ಕೊನೆಯದು. ರಾತ್ರಿ ತಕ್ಕಮಟ್ಟಿಗೆ ನಿದ್ರೆ ಬಂದುದನ್ನು ಹೇಳಿ, ಮರುದಿನ ಬೆಳಗಿನ ಮಾತನ್ನು ಎತ್ತಿಕೊಂಡು, ವಾಕ್ಯವನ್ನು ಮುಗಿಸದೆಯೇ ಲೇಖನಿ ನಿಂತಿದೆ.